ಗುಳಿ ರಾಗಿ ಬಿಟ್ಟ ಮನೆಗಳಲ್ಲಿ ಹಾಸಿಗೆ ಹಿಡಿದವರು ಯಾರು?

ಪ್ರಶ್ನೆ: ನಾನು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕೃಷಿ ಸಖಿಯಾಗಿ ಕೆಲಸ ಮಾಡುತ್ತಿದ್ದೇನೆ. ಎರಡು ವರ್ಷದ ಹಿಂದೆ ನಮ್ಮ ಸಂಘದ ಮನೆಗಳಿಗೆ ಗುಳಿ ಪದ್ಧತಿಯ, ಅಂದರೆ ಸಸಿ ಬೆಳೆಸಿ ಗುಳಿಗೊಂದರಂತೆ ನೆಡುವ, ರಾಗಿ ನಾಟಿ ಹೇಳಿಕೊಟ್ಟೆವು. ಮೊದಲ ವರ್ಷ ಎಲ್ಲರೂ ಮಾಡಿದರು, ಇಳುವರಿಯೂ ಚೆನ್ನಾಗಿ ಬಂತು. ಮರುವರ್ಷ ಅರ್ಧಕ್ಕಿಂತ ಹೆಚ್ಚು ಮನೆಯವರು ಮತ್ತೆ ಸಾಲಾಗಿ ಬೀಜ ಬಿತ್ತುವ ಕೂರಿಗೆ ಹಿಡಿದರು. ಸಭೆಯಲ್ಲಿ ಇದಕ್ಕೆ ಸೋಮಾರಿತನ ಎಂದೇ ಹೆಸರಿಟ್ಟಿದ್ದಾರೆ. ಬಿಟ್ಟವರ ಮನೆಗಳಿಗೆ ಹೋಗಿ ನೋಡಿದರೆ ಹೆಚ್ಚಿನ ಕಡೆ ಯಾರಾದರೊಬ್ಬರು ಕಾಯಿಲೆಯವರು ಇದ್ದಾರೆ. ಇವೆರಡಕ್ಕೂ ನಿಜವಾಗಿ ಸಂಬಂಧವಿದೆಯೇ ಅಥವಾ ಇದು ನನ್ನ ಕಲ್ಪನೆಯೇ? ಸಂಬಂಧವಿದ್ದರೆ ಮುಂದಿನ ವರ್ಷದ ಪಟ್ಟಿಯಿಂದ ಆ ಮನೆಗಳನ್ನು ಕೈಬಿಡಬೇಕೇ?

ಉತ್ತರ: ಸಂಬಂಧ ಇದೆ. ನೀವು ಎರಡು ವರ್ಷದಲ್ಲಿ ಕಂಡದ್ದನ್ನು ಕಾಣಲು ನನಗೆ ಅರ್ಧ ನೌಕರಿಯೇ ಬೇಕಾಯಿತು. ನಾನು ಕೃಷಿ ವಿಸ್ತರಣೆಯ ಕೆಲಸದಲ್ಲಿದ್ದಾಗ ಪ್ರಾತ್ಯಕ್ಷಿಕೆಯ ವಹಿಯಲ್ಲಿ ‘ಮುಂದುವರಿಸದಿರಲು ಕಾರಣ’ ಎಂಬ ಕಲಂ ಒಂದಿತ್ತು. ಅಲ್ಲಿ ‘ಆಸಕ್ತಿ ಇಲ್ಲ’ ಎಂದು ಬರೆದು ಪುಟ ಮಗುಚುವುದು ನನ್ನ ರೂಢಿ. ಒಮ್ಮೆ ಶಿರಾ ಕಡೆಯ ಒಬ್ಬ ರೈತರು ಹಾಕಿಸಿಕೊಂಡ ಹನಿ ನೀರಾವರಿ ಪೈಪುಗಳನ್ನು ಸುರುಳಿ ಸುತ್ತಿ ಕೊಟ್ಟಿಗೆಯ ಅಟ್ಟಕ್ಕೆ ಎಸೆದಿದ್ದಾರೆ ಎಂದು ಗೊತ್ತಾಗಿ, ಸ್ವಲ್ಪ ಸಿಟ್ಟಿನಿಂದಲೇ ಅವರ ಮನೆಗೆ ಹೋದೆ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಹೆಂಗಸು, ‘ಇವತ್ತು ಗುರುವಾರ ಅಲ್ಲವೇ ಸಾರ್, ಡಯಾಲಿಸಿಸ್ ದಿನ’ ಎಂದರು. ಅವರು ವಾರಕ್ಕೆ ಎರಡು ಸಲ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಬೆಳಗ್ಗೆ ಬಸ್ಸು ಹತ್ತಿದರೆ ಮನೆ ಸೇರುವಾಗ ಕತ್ತಲೆ. ಹನಿ ನೀರಾವರಿಗೆ ಶೇ. 90ರಷ್ಟು ಸಹಾಯಧನ ಕೊಡುತ್ತಿದ್ದ ಕಾಲ ಅದು. ಆದರೆ ಫಿಲ್ಟರ್ ತೊಳೆಯುವುದಕ್ಕೆ, ಇಲಿ ಕಡಿದ ಪೈಪು ಹುಡುಕುವುದಕ್ಕೆ, ಕಟ್ಟಿಕೊಂಡ ರಂಧ್ರ ಬಿಡಿಸುವುದಕ್ಕೆ ಬೇಕಾದ ಬೆಳಗಿನ ಹೊತ್ತನ್ನು ಸಹಾಯಧನದಲ್ಲಿ ಕೊಡಲು ಬರುತ್ತದೆಯೇ? ಆ ಮನೆಯ ಎದುರು ‘ಆಸಕ್ತಿ ಇಲ್ಲ’ ಎಂದು ಬರೆಯಲು ನನ್ನ ಕೈ ಏಳಲಿಲ್ಲ.

ಹಾಗೆಂದು ನಿಮ್ಮ ಲೆಕ್ಕವನ್ನು ಇದ್ದಂತೆಯೇ ಒಪ್ಪುವುದಕ್ಕೂ ಆಗುವುದಿಲ್ಲ. ಬಿಟ್ಟವರ ಮನೆಗಳನ್ನಷ್ಟೇ ನೋಡಿದ್ದೀರಿ. ಮುಂದುವರಿಸಿದವರ ಮನೆಗೂ ಹೋಗಿ ನೋಡಿ, ಅಲ್ಲಿಯೂ ಮಂಡಿನೋವಿನ ಅಜ್ಜಿ, ಸಕ್ಕರೆ ಕಾಯಿಲೆಯ ತಾತ ಸಿಗುತ್ತಾರೆ. ಇಂದು ಕಾಯಿಲೆ ಇಲ್ಲದ ಮನೆ ಯಾವ ಊರಿನಲ್ಲಿದೆ? ಆದ್ದರಿಂದ ‘ಮನೆಯಲ್ಲಿ ಕಾಯಿಲೆಯವರು ಇದ್ದಾರೆಯೇ’ ಎಂಬ ಪ್ರಶ್ನೆ ಸಾಲದು. ಕಾಯಿಲೆ ಯಾರಿಗೆ, ಅವರನ್ನು ನೋಡಿಕೊಳ್ಳುವವರು ಯಾರು, ಜೋರಾದದ್ದು ಯಾವ ತಿಂಗಳಲ್ಲಿ, ಮೊದಲ ವರ್ಷಕ್ಕೂ ಎರಡನೆಯ ವರ್ಷಕ್ಕೂ ನಡುವೆ ಆ ಮನೆಯಲ್ಲಿ ಏನು ಬದಲಾಯಿತು, ಇಷ್ಟನ್ನು ಕೇಳಿ. ಪಡಸಾಲೆಯಲ್ಲಿ ಮಲಗಿರುವ ತಾತನ ಕಾಯಿಲೆಗಿಂತ ಅವರಿಗೆ ಗಂಜಿ ಕುಡಿಸಿ, ಬಟ್ಟೆ ಬದಲಾಯಿಸುವ ಸೊಸೆಯ ಸಮಯ ರಾಗಿ ನಾಟಿಗೆ ಹೆಚ್ಚು ಮುಖ್ಯವಾದದ್ದು. ನಾಟಿ ಮಾಡುತ್ತಿದ್ದವರು ಅವರೇ ಅಲ್ಲವೇ?

ಈಗ ಗುಳಿ ರಾಗಿಯನ್ನೇ ತೆಗೆದುಕೊಳ್ಳೋಣ, ಏಕೆಂದರೆ ಉತ್ತರ ಅದರ ಒಳಗೇ ಇದೆ. ಹಾವೇರಿ ಕಡೆಯ ರೈತರು ತಲೆಮಾರುಗಳಿಂದ ಮಾಡಿಕೊಂಡು ಬಂದ ಪದ್ಧತಿ ಇದು, ನಮ್ಮ ಕಡೆಗಷ್ಟೇ ಹೊಸದು. ಮಡಿಯಲ್ಲಿ ಸಸಿ ಬೆಳೆಸಿ, ಮೂರು ವಾರದ ಸುಮಾರಿಗೆ ಕಿತ್ತು, ಒಂದೂವರೆ ಅಡಿಗೊಂದು ಗುಳಿಯಂತೆ ಗೊಬ್ಬರ ಹಾಕಿ ನೆಡಬೇಕು. ಆಮೇಲೆ ಉದ್ದಕ್ಕೂ ಅಡ್ಡಕ್ಕೂ ಕಳೆ ತೆಗೆಯುವ ಎಡೆಕುಂಟೆ ಹೊಡೆಯಬೇಕು. ಪೈರಿನ ಮೇಲೆ ಎತ್ತು ಕಟ್ಟಿ ಮರದ ಕೊರಡು ಎಳೆದು ಬಾಗಿಸಬೇಕು, ಹಾಗೆ ಬಾಗಿದ ಪೈರು ಬುಡದಲ್ಲಿ ತೆಂಡೆ, ಅಂದರೆ ಹೊಸ ಕವಲು, ಒಡೆಯುತ್ತದೆ. ಬೀಜ ಎಕರೆಗೆ ಕಿಲೋಗಟ್ಟಲೆ ಉಳಿಯುತ್ತದೆ, ಬೆಳೆ ಚೆನ್ನಾಗಿ ಬರುತ್ತದೆ. ಇದರಲ್ಲಿ ಖರ್ಚೇ ಇಲ್ಲ ಎಂದು ನಾವು ಸಭೆಗಳಲ್ಲಿ ಹೇಳುತ್ತೇವೆ. ರೊಕ್ಕದ ಖರ್ಚು ಇಲ್ಲ, ನಿಜ. ಆದರೆ ಇದು ದಿನ ಕೇಳುವ ಬೆಳೆ. ಮಳೆ ಬಿದ್ದು ಹದ ಸಿಕ್ಕ ಎರಡು ಮೂರು ದಿನದಲ್ಲಿ, ಸಸಿಯ ವಯಸ್ಸು ಮೀರುವ ಮೊದಲು, ಬಗ್ಗಿ ನೆಡುವ ಕೈಗಳೆಲ್ಲ ಹೊಲದಲ್ಲಿರಬೇಕು. ಅದೇ ಹೊತ್ತಿಗೆ ಮನೆಯ ಮಗುವಿಗೆ ಡೆಂಗಿ ಬಂದು ನಾಲ್ಕು ದಿನ ಆಸ್ಪತ್ರೆಯಲ್ಲಿ ಕೂತರೆ ಮಡಿಯಲ್ಲಿನ ಸಸಿ ಬಲಿತುಬಿಡುತ್ತದೆ. ಡೆಂಗಿ ಬರುವುದೂ ಮಳೆಗಾಲದಲ್ಲಿಯೇ. ಕೂರಿಗೆಯದು ಹಾಗಲ್ಲ. ಎರಡು ಜನ, ಒಂದು ಜೊತೆ ಎತ್ತು ಅಥವಾ ಬಾಡಿಗೆ ಟ್ರ್ಯಾಕ್ಟರ್ ಇದ್ದರೆ ಒಂದು ಹೊತ್ತಿನಲ್ಲಿ ಬಿತ್ತನೆ ಮುಗಿಯುತ್ತದೆ. ನಾಲ್ಕು ದಿನ ತಡವಾದರೂ ಮುಂದಿನ ಹದ ನೋಡಿಕೊಂಡು ಬಿತ್ತಬಹುದು. ಇಳುವರಿ ಕಡಿಮೆ, ಆದರೆ ಮನೆಯ ಏರುಪೇರನ್ನು ತಾಳಿಕೊಳ್ಳುತ್ತದೆ. ಕಾಯಿಲೆಯ ಮನೆಯವರು ಕೂರಿಗೆಗೆ ಮರಳಿದ್ದು ಲೆಕ್ಕ ಹಾಕಿಯೇ.

ಮೊದಲ ವರ್ಷ ಎಲ್ಲರೂ ಮಾಡಿದ್ದು ಹೇಗೆ? ನಿಮ್ಮ ಕಡೆ ಮುಯ್ಯಾಳು ಪದ್ಧತಿ ಇನ್ನೂ ಉಳಿದಿದ್ದರೆ ಉತ್ತರ ಬಹುಶಃ ಅಲ್ಲಿಯೇ ಇದೆ. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿಗೆ ದುಡ್ಡಿಲ್ಲದ ಮನೆಗಳು ನಾಟಿ ಮುಗಿಸುವುದು ಈ ಲೆಕ್ಕದಲ್ಲಿ. ಕಾಯಿಲೆ ಮನೆಗೆ ಬಂದಾಗ ಮೊದಲು ಮುರಿಯುವುದು ಇದೇ. ಹೋದ ವರ್ಷ ಆರು ಆಳು ಪಡೆದ ಮನೆ ಈ ವರ್ಷ ಒಂದು ಆಳನ್ನೂ ಕಳಿಸಲು ಆಗದಿದ್ದರೆ ಮುಯ್ಯಿ ತೀರಿಸದ ಮನೆಯಾಗುತ್ತದೆ. ಊರಿನವರು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ‘ಪಾಪ, ಅವರ ಮನೆಯಲ್ಲಿ ಕಷ್ಟ, ಅವರನ್ನು ಕರೆಯುವುದು ಬೇಡ’ ಎನ್ನುತ್ತಾರೆ. ಕರೆಯದಿದ್ದರೆ ಅವರಿಗೂ ಕೇಳುವ ಮುಖ ಇರುವುದಿಲ್ಲ. ಮರುಕದಿಂದಲೇ ಒಂದು ಮನೆ ಹೊರಗೆ ಬೀಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಿಮ್ಮ ಪಟ್ಟಿಯಲ್ಲಿ ಬಿಟ್ಟವರ ಹೆಸರಿನ ಮುಂದೆ ‘ಈ ವರ್ಷ ಯಾರ ಹೊಲಕ್ಕೆ ಹೋದರು, ಇವರ ಹೊಲಕ್ಕೆ ಯಾರು ಬಂದರು’ ಎಂದು ಬರೆದುಕೊಂಡು ಬನ್ನಿ. ಆಸ್ಪತ್ರೆಯ ಚೀಟಿಗಿಂತ ಆ ಸಾಲು ಹೆಚ್ಚು ಹೇಳುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ರಾಗಿಯ ಇತಿಹಾಸದಲ್ಲಿಯೇ ಇದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಇಂಡಾಫ್. ಆ ತಳಿಗಳು ಮನೆಮನೆಗೆ ಹರಡಿದ್ದಕ್ಕೆ ಇಳುವರಿ ಒಂದು ಕಾರಣ. ಇನ್ನೊಂದು ಕಾರಣವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ: ಅದು ಮನೆಯ ದಿನಚರಿಯಲ್ಲಿ ಏನನ್ನೂ ಬದಲಾಯಿಸಲಿಲ್ಲ. ಅದೇ ಕೂರಿಗೆ, ಅದೇ ಕುಂಟೆ, ಅದೇ ಒಕ್ಕಣೆ. ಸೆರಗಿನಲ್ಲಿ ಒಂದಿಷ್ಟು ಬೀಜ ತಂದುಕೊಂಡರೆ ಆಯಿತು. ಗಂಡ ಹಾಸಿಗೆ ಹಿಡಿದ ಮನೆಯ ಹೆಂಗಸೂ ಆ ಹೊಸತನ್ನು ತನ್ನದಾಗಿಸಿಕೊಳ್ಳಬಹುದಿತ್ತು. ಹೊಸ ತಂತ್ರಜ್ಞಾನ ಎಂದು ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟುವುದು ತಪ್ಪು. ಕಾಯಿಲೆ ಒಂದು ಜರಡಿಯಂತೆ ಕೆಲಸ ಮಾಡುತ್ತದೆ, ಕೆಲವನ್ನು ಬಿಡುತ್ತದೆ, ಕೆಲವನ್ನು ತಡೆಯುತ್ತದೆ.

ಕೆಲವನ್ನಂತೂ ತಾನೇ ಒಳಗೆ ಕರೆದುಕೊಳ್ಳುತ್ತದೆ. ಬೋರ್‌ವೆಲ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡ ಮನೆಗಳನ್ನು ಗಮನಿಸಿ. ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಕರೆಂಟು ಬಂದ ಹೊತ್ತಿಗೆ ಮೋಟರ್ ಹಾಕಿದ ಮಗನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಲೆನಾಡಿನಲ್ಲಿ ಮರ ಹತ್ತುವವರು ವಿರಳವಾಗಿ, ಇರುವವರಿಗೂ ವಯಸ್ಸಾಗಿ, ಅಡಿಕೆ ತೋಟಗಳಿಗೆ ನೆಲದಲ್ಲಿ ನಿಂತೇ ಗೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಬಂತು. ಸೊಂಟ ಬಗ್ಗಿಸಲಾಗದ ಮನೆಗೆ ಕಳೆನಾಶಕವೂ ಹೀಗೆಯೇ ಬರುತ್ತದೆ. ಇದು ನನಗೆ ಅಷ್ಟು ಇಷ್ಟವಾಗುವ ಸಂಗತಿಯಲ್ಲ, ಏಕೆಂದರೆ ಕೈಗವಸು, ಮುಖಗವಸು ಇಲ್ಲದೆ ಬರಿಗೈಯಲ್ಲಿ ಔಷಧಿ ಕಲಸುವ ಮನೆಗಳೇ ಹೆಚ್ಚು. ಒಂದು ನೋವನ್ನು ತಪ್ಪಿಸಲು ಹೋಗಿ ಇನ್ನೊಂದನ್ನು ತಂದುಕೊಂಡಂತೆ. ಆದರೂ ಆ ಮನೆಯವರು ಹೊಸತಕ್ಕೆ ಬೆನ್ನು ತಿರುಗಿಸಿದವರು ಎಂದು ಹೇಳಲು ಆಗುವುದಿಲ್ಲ.

ದುಡ್ಡಿನ ವಿಚಾರ ನಿಮಗೆ ಗೊತ್ತಿರುವುದೇ, ಹೆಚ್ಚು ಹೇಳುವುದಿಲ್ಲ. ಬೆಳೆಸಾಲ ಆಸ್ಪತ್ರೆಗೆ ಹೋಗುತ್ತದೆ, ಒಡವೆ ಗಿರವಿಗೆ ಹೋಗುತ್ತದೆ, ಆಮೇಲೆ ಹಸು, ಆಮೇಲೆ ಎತ್ತು. ಎತ್ತು ಮಾರಿದ ಮನೆಗೆ ಕೊರಡು ಎಳೆಯಿರಿ ಎಂದರೆ ಏನರ್ಥ? ಹಸು ಹೋದರೆ ಗುಳಿಗೆ ಹಾಕುವ ಕೊಟ್ಟಿಗೆ ಗೊಬ್ಬರವೂ ಹೋಯಿತು. ದೇಶದಲ್ಲಿ ಆರೋಗ್ಯಕ್ಕೆ ಆಗುವ ಒಟ್ಟು ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು 2013–14ರಲ್ಲಿ ಶೇ. 64.2 ಇದ್ದದ್ದು 2021–22ಕ್ಕೆ ಶೇ. 39.4ಕ್ಕೆ ಇಳಿದಿದೆ ಎಂದು ಸರ್ಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಇಳಿದದ್ದು ಒಳ್ಳೆಯದೇ. ಆದರೆ ಮಳೆಯನ್ನೇ ನಂಬಿದ ಎರಡೂವರೆ ಎಕರೆ ಖುಷ್ಕಿಯ ಮನೆಯನ್ನು ಮುಳುಗಿಸಲು ಉಳಿದ ಪಾಲೇ ಸಾಕು. ಇನ್ನೊಂದು ಮಾತನ್ನು ಇಲ್ಲಿಯೇ ಸೇರಿಸುತ್ತೇನೆ. ಬರ ಬಂದರೆ ಇಡೀ ಊರಿಗೆ ಬರುತ್ತದೆ. ಪರಿಹಾರಕ್ಕೆ ಕೂಗು ಏಳುತ್ತದೆ, ಬೆಳೆವಿಮೆ ಇರುತ್ತದೆ, ಮುಂಗಾರು ಬೆಳೆಗೆ ರೈತ ಕಟ್ಟುವ ಕಂತು ವಿಮಾ ಮೊತ್ತದ ಶೇ. 2 ಮಾತ್ರ. ಕಾಯಿಲೆ ಒಂದೊಂದೇ ಮನೆಗೆ, ಒಂದೊಂದು ಕಾಲಕ್ಕೆ ಬರುತ್ತದೆ. ನಾಟಿಯ ವಾರದಲ್ಲಿ ಹೊಲಕ್ಕೆ ಇಳಿಯಲಾಗದೆ ಕಳೆದುಕೊಂಡ ಇಳುವರಿಗೆ ಯಾವ ವಿಮೆಯೂ ಇಲ್ಲ.

ಇದು ನಮ್ಮ ತುಮಕೂರಿನ ಕಥೆಯಷ್ಟೇ ಎಂದುಕೊಳ್ಳಬೇಡಿ. ಆಫ್ರಿಕಾದ ಜಾಂಬಿಯಾದಲ್ಲಿ ಹತ್ತಿ ಬೆಳೆಯುವ ಸಣ್ಣ ರೈತರ ಮೇಲೆ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ಔಷಧಿ ಲೇಪಿಸಿದ ಸೊಳ್ಳೆಪರದೆಗಳನ್ನು ಉಚಿತವಾಗಿ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಪರದೆ ಸಿಕ್ಕವರ ಫಸಲಿನ ಮೌಲ್ಯ ಸುಮಾರು ಶೇ. 15ರಷ್ಟು ಏರಿತು. ಒಂದು ಸೊಳ್ಳೆಪರದೆ ಮಲೇರಿಯಾವನ್ನು ತಡೆದು ಕೃಷಿ ಯೋಜನೆಯ ಕೆಲಸ ಮಾಡಿತು. ಕೀನ್ಯಾದ ಅನುಭವ ಇದರ ಇನ್ನೊಂದು ಮುಖ. ಏಡ್ಸ್ ಹಬ್ಬಿದ್ದ ಕಾಲದಲ್ಲಿ ಅಲ್ಲಿನ ಗ್ರಾಮೀಣ ಕುಟುಂಬಗಳನ್ನು ವರ್ಷಗಳ ಅಂತರದಲ್ಲಿ ಎರಡು ಸಲ ಭೇಟಿಯಾದ ಅಧ್ಯಯನವೊಂದರಲ್ಲಿ, ದುಡಿಯುವ ವಯಸ್ಸಿನ ಯಜಮಾನ ಸತ್ತ ಮನೆಗಳಲ್ಲಿ ಕಾಫಿ, ಚಹಾ, ಕಬ್ಬಿನಂತಹ ನಗದು ಬೆಳೆಗಳು ಕುಗ್ಗಿದ್ದವು. ಯಜಮಾನಿ ಸತ್ತ ಮನೆಗಳಲ್ಲಿ ಕುಗ್ಗಿದ್ದು ಧಾನ್ಯದ ಬೆಳೆ. ಅಂದರೆ ಯಾರಿಗೆ ಏನಾಯಿತು ಎಂಬುದರ ಮೇಲೆ ಯಾವ ಬೆಳೆ ಸೊರಗುತ್ತದೆ ಎಂಬುದು ನಿಂತಿದೆ. ನಿಮ್ಮ ಊರಿನಲ್ಲಿ ನಾಟಿ ಮತ್ತು ಕಳೆ ಹೆಂಗಸರ ಕೈಯಲ್ಲಿದೆ, ಬೋರ್‌ವೆಲ್ ಗಂಡಸರ ಕೈಯಲ್ಲಿದೆ. ಹಾಗಾದರೆ ಗುಳಿ ರಾಗಿಯ ಭವಿಷ್ಯ ಯಾರ ಆರೋಗ್ಯಕ್ಕೆ ಕಟ್ಟುಬಿದ್ದಿದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಹೆಂಗಸರ ವಿಚಾರ ಬಂದದ್ದರಿಂದ ಕಣ್ಣಿಗೆ ಕಾಣದ ಕಾಯಿಲೆಯೊಂದರ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ನಿಮ್ಮ ಸಂಘದಲ್ಲಿ ಹತ್ತು ಜನ ಸಾಲಾಗಿ ಬಗ್ಗಿ ನೆಡುತ್ತಿದ್ದರೆ ಅವರಲ್ಲಿ ನಾಲ್ಕೈದು ಮಂದಿ ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತಿ ಬದುವಿನ ಮೇಲೆ ಕೂರಬಹುದಾದವರು ಎಂದಾಯಿತು. ಅವರು ಇದನ್ನು ಕಾಯಿಲೆ ಎಂದು ಹೇಳುವುದಿಲ್ಲ, ‘ಸುಸ್ತು’ ಎನ್ನುತ್ತಾರೆ. ಅವರ ಮನೆಗೆ ಹೋಗಿ ಕಾಯಿಲೆಯವರು ಇದ್ದಾರೆಯೇ ಎಂದು ಕೇಳಿದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. 1970ರ ದಶಕದಲ್ಲಿ ಇಂಡೊನೇಷ್ಯಾದ ರಬ್ಬರ್ ತೋಟಗಳಲ್ಲಿ ರಕ್ತಹೀನತೆ ಇದ್ದ ಕೂಲಿಗಳಿಗೆ ಕೆಲವು ವಾರ ಕಬ್ಬಿಣಾಂಶ ಕೊಟ್ಟು ನೋಡಿದಾಗ ಅವರು ಇಳಿಸುವ ರಬ್ಬರ್ ಹಾಲು ಆರೋಗ್ಯವಂತರ ಮಟ್ಟಕ್ಕೆ ಹತ್ತಿರವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಮಾತ್ರೆ ಉಚಿತ. ಮಡಿ ಬಿತ್ತುವುದಕ್ಕೆ ಎರಡು ತಿಂಗಳ ಮೊದಲು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಸಂಘದ ಸಭೆಗೆ ಕರೆಯಿಸಿದರೆ ಗುಳಿ ರಾಗಿಗೆ ನಾನು ಹೇಳಬಹುದಾದ ಅತಿ ಅಗ್ಗದ ಗೊಬ್ಬರ ಅದೇ. ನಿಮ್ಮ ಪಕ್ಕದ ಪಾವಗಡದಲ್ಲಿ ಇನ್ನೊಂದು ತೊಂದರೆ ಇದೆ, ಕೊಳವೆಬಾವಿಯ ನೀರಿನ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಮೊದಲು ಹಲ್ಲಿನ ಬಣ್ಣ ಕೆಡುತ್ತದೆ, ಅದು ಇನ್ನೂ ಹೆಚ್ಚಾಗಿದ್ದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಮಂಡಿ ಮಡಚಲಾಗದವರಿಗೆ ಬಗ್ಗಿ ನೆಡುವ ಪದ್ಧತಿ ಕಲಿಸಲು ಹೋಗುವ ಮೊದಲು ಅವರು ಕುಡಿಯುವ ನೀರು ಯಾವುದು ಎಂದು ಕೇಳುವುದು ಮೇಲು.

ಮನಸ್ಸಿನ ಮಾತು ಇನ್ನೊಂದಿದೆ. ತರಬೇತಿಗೆ ಬಂದು, ಮುಂದೆಯೇ ಕೂತು, ತಲೆಯಾಡಿಸಿ, ಮನೆಗೆ ಹೋಗಿ ಏನನ್ನೂ ಮಾಡದವರನ್ನು ನೀವೂ ಕಂಡಿರುತ್ತೀರಿ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿನ ಮುಂಚೆ, ಕೈ ಖಾಲಿಯಾಗಿದ್ದಾಗ ಒಮ್ಮೆ, ಕಟಾವಿನ ಹಣ ಬಂದ ಮೇಲೆ ಒಮ್ಮೆ ಬುದ್ಧಿಗೆ ಸಂಬಂಧಿಸಿದ ಪರೀಕ್ಷೆಗೆ ಒಡ್ಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದೇ ಜನ, ಕೈ ಖಾಲಿಯಾಗಿದ್ದಾಗ ಕಡಿಮೆ ಅಂಕ ಪಡೆದರು. ಈ ಅಧ್ಯಯನದ ಬಗ್ಗೆ ವಿದ್ವಾಂಸರಲ್ಲಿ ತಕರಾರುಗಳಿವೆ, ಅದನ್ನೇ ವೇದವಾಕ್ಯ ಮಾಡುವುದು ಬೇಡ. ಆದರೆ ಮಗನ ಸ್ಕ್ಯಾನಿಂಗ್ ವರದಿಗಾಗಿ ಕಾಯುತ್ತಿರುವ ತಾಯಿಗೆ ಸಾಲಿನಿಂದ ಸಾಲಿಗೆ ಎಷ್ಟು ಅಂತರ ಎಂಬುದು ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ ಎನ್ನಲು ಅಧ್ಯಯನವೇ ಬೇಕೇ? ಮನೆಯೊಳಗಿನ ಕುಡಿತವನ್ನೂ ನಾನು ಇದೇ ಪಟ್ಟಿಗೆ ಸೇರಿಸುತ್ತೇನೆ. ಅದನ್ನು ಯಾರೂ ಕಾಯಿಲೆ ಎಂದು ಬರೆಸುವುದಿಲ್ಲ, ಆದರೆ ಒಂದು ಮನೆಯ ಬೆಳಗಿನ ಹೊತ್ತನ್ನು ಅದು ಡಯಾಲಿಸಿಸ್‌ನಷ್ಟೇ ಚೆನ್ನಾಗಿ ನುಂಗುತ್ತದೆ.

ಆರೋಗ್ಯ ವಿಮೆ ಇದ್ದರೆ ಎಲ್ಲ ಸರಿಹೋಗುತ್ತದೆಯೇ ಎಂದು ನೀವು ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ. ಈ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. 2003ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಶುರುವಾದಾಗ ಸಹಕಾರ ಸಂಘದ ಸದಸ್ಯ ರೈತರು ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ಕಂತು ಕಟ್ಟಿ ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ಮಾಡಿಸಿಕೊಂಡರು. 2010ರಲ್ಲಿ ರಾಜ್ಯದ ಉತ್ತರ ಭಾಗದಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀಯನ್ನು, ಅದು ಜಾರಿಯಲ್ಲಿದ್ದ ಪ್ರದೇಶದ ಗಡಿಯ ಆಚೀಚೆಯ ಹಳ್ಳಿಗಳನ್ನು ಹೋಲಿಸಿ ಅಧ್ಯಯನ ಮಾಡಿದಾಗ, ಯೋಜನೆ ಇದ್ದ ಹಳ್ಳಿಗಳಲ್ಲಿ ಸಾವೂ ಕಡಿಮೆಯಾಗಿತ್ತು, ಆಸ್ಪತ್ರೆಗೆ ಸೇರಿದಾಗ ಕೈಯಿಂದ ಆಗುವ ಖರ್ಚೂ ಇಳಿದಿತ್ತು. ಈಗಿನ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಇವೆಲ್ಲ ಎತ್ತು ಮಾರುವುದನ್ನು ತಪ್ಪಿಸಬಲ್ಲವು. ತಿಂಗಳ ಸಕ್ಕರೆ ಮಾತ್ರೆ, ಬಸ್ಸಿನ ಓಡಾಟ, ಜೊತೆಗೆ ಹೋದವರ ಕಳೆದುಹೋದ ಕೂಲಿ, ಇವನ್ನು ತುಂಬಿಕೊಡುವುದಿಲ್ಲ. ಹೊಲದ ಕೆಲಸವನ್ನು ಕೆಡಿಸುವುದು ಬಹಳ ಸಲ ಈ ಸಣ್ಣ ಸೋರಿಕೆಯೇ. ಆದ್ದರಿಂದ ಕಾರ್ಡು ಮಾಡಿಸಿಕೊಡಿ, ಜೊತೆಗೆ ಬಿ.ಪಿ., ಸಕ್ಕರೆಯ ಮಾತ್ರೆಗಳನ್ನು ಔಷಧಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಿರುವ ಮನೆಗಳಿಗೆ ಆರೋಗ್ಯ ಕೇಂದ್ರದ ದಾರಿ ತೋರಿಸಿ.

ಇನ್ನು ಪಟ್ಟಿಯ ವಿಚಾರ. ಹೆಸರು ತೆಗೆಯಬೇಡಿ. ಹಾಗೆಂದು ಒಂದು ಎಕರೆ ನೆಡಲೇಬೇಕು ಎಂಬ ಒತ್ತಾಯವನ್ನೂ ಮಾಡಬೇಡಿ. ಚಿಕಿತ್ಸೆ ನಡೆಯುತ್ತಿರುವ ಮನೆಗೆ, ಅದರಲ್ಲಿಯೂ ಸಾಲ ತೆಗೆದು ಮಾಡಬೇಕಾದ ಕೆಲಸವಾಗಿದ್ದರೆ, ‘ಈ ವರ್ಷ ಬೇಡ’ ಎಂದು ನೀವೇ ಹೇಳುವ ಧೈರ್ಯ ಇರಬೇಕು. ನಮ್ಮ ಕಚೇರಿಗಳಲ್ಲಿ ಗುರಿಯ ಅಂಕಿ ನೋಡಿಕೊಂಡು ಕೆಲಸ ಮಾಡಿದವರು ಇದನ್ನು ಹೇಳಲಿಲ್ಲ, ನಾನೂ ಹೇಳಲಿಲ್ಲ. ಮನಸ್ಸಿದ್ದು ಕೈ ಸಾಲದ ಮನೆಗೆ ಐದು ಗುಂಟೆ ಸಾಕು. ಪದ್ಧತಿ ಕೈಯಲ್ಲಿ ಉಳಿದರೆ ಮನೆ ಚೇತರಿಸಿಕೊಂಡ ವರ್ಷ ಅವರೇ ಹಿಗ್ಗಿಸಿಕೊಳ್ಳುತ್ತಾರೆ. ಸಸಿಮಡಿಯನ್ನು ಮನೆಮನೆಗೆ ಬಿಡದೆ ಸಂಘದ್ದೇ ಒಂದು ಮಾಡಿ, ಅದನ್ನೂ ಎರಡು ಕಂತಿನಲ್ಲಿ, ಹತ್ತು ಹನ್ನೆರಡು ದಿನದ ಅಂತರದಲ್ಲಿ ಬಿತ್ತಿ. ಮೊದಲ ಹದ ತಪ್ಪಿದ ಮನೆಗೆ ಎರಡನೆಯ ಮಡಿಯಲ್ಲಿ ಎಳೆಯ ಸಸಿ ಕಾದಿರುತ್ತದೆ. ಮುಯ್ಯಾಳಿನ ಲೆಕ್ಕವನ್ನು ಸಂಘದ ಪುಸ್ತಕಕ್ಕೆ ತಂದು, ಬಗ್ಗಲಾಗದವರು ಮಕ್ಕಳನ್ನು ನೋಡಿಕೊಳ್ಳುವುದನ್ನು, ನಾಟಿಯವರಿಗೆ ಅಡುಗೆ ಮಾಡುವುದನ್ನು, ಸಸಿ ಕಿತ್ತು ಕಟ್ಟು ಕಟ್ಟುವುದನ್ನು ಒಂದು ಆಳಿನ ಕೆಲಸವೆಂದೇ ಬರೆದುಕೊಳ್ಳಿ. ಹಾಗಾದರೆ ಅವರ ಮುಯ್ಯಿ ತೀರಿದಂತಾಗುತ್ತದೆ, ಕೇಳಲು ಮುಖವೂ ಇರುತ್ತದೆ. ಪ್ರಾತ್ಯಕ್ಷಿಕೆಯ ತಾಕನ್ನು ಪ್ರತಿ ವರ್ಷ ಅದೇ ‘ಪ್ರಗತಿಪರ’ ರೈತರ ಹೊಲದಲ್ಲಿ ಮಾಡುವುದನ್ನೂ ಬಿಡಿ. ನಾಲ್ಕು ಜನ ದುಡಿಯುವ ಗಂಡುಮಕ್ಕಳಿರುವ ಮನೆಯ ಹೊಲ ನೋಡಿ ಉಳಿದವರು ‘ಅದು ಅವರಿಗೆ ಸರಿ’ ಎಂದುಕೊಂಡೇ ಮನೆಗೆ ಹೋಗುತ್ತಾರೆ.

ಕಡೆಯದಾಗಿ ಒಂದು ಎಚ್ಚರಿಕೆ. ಮನೆಗಳಿಗೆ ಹೋಗಿ ಮಾಹಿತಿ ಬರೆದುಕೊಳ್ಳುವಾಗ ಕಾಯಿಲೆಯ ಹೆಸರು ಬರೆಯಬೇಡಿ. ನಿಮ್ಮ ಪುಸ್ತಕ ಸಭೆಯ ಮೇಜಿನ ಮೇಲೆ ತೆರೆದುಕೊಂಡಿರುತ್ತದೆ. ಕ್ಷಯ, ಎಚ್‌ಐವಿ, ಮಾನಸಿಕ ಕಾಯಿಲೆ ಎಂಬ ಒಂದು ಪದ ಒಬ್ಬರ ಕಣ್ಣಿಗೆ ಬಿದ್ದರೆ ಸಂಜೆಗೆ ಇಡೀ ಊರಿಗೆ ಗೊತ್ತಾಗುತ್ತದೆ. ನಿಮಗೆ ಬೇಕಾದದ್ದು ಇಷ್ಟೇ: ನಾಟಿಯ ವಾರದಲ್ಲಿ ಈ ಮನೆಯಿಂದ ಎಷ್ಟು ಕೈ ಹೊಲಕ್ಕೆ ಬರಬಹುದು, ಯಾವ ದಿನ ಬರಲಾರರು. ಆ ಎರಡು ಸಾಲನ್ನು ಮುಂಗಾರಿಗೆ ಮುನ್ನ ಒಮ್ಮೆ, ಮಡಿ ಬಿತ್ತಿದ ಮೇಲೆ ಮತ್ತೊಮ್ಮೆ ಕೇಳಿ ಬರೆದುಕೊಳ್ಳಿ.